‘ಅಪ್’ ಎಂದರೆ ಮುಗಿಯಿತೇ?

ಗೋಡೆ ಗಡಿಯಾರಕ್ಕೆ ಕೀ ಕೊಡುವುದು ಇಂಗ್ಲಿಷಿನಲ್ಲಿ ‘ವೈಂಡ್ ಅಪ್’. ಕಂಪನಿಯೊಂದಕ್ಕೆ ಕಾನೂನು ಪ್ರಕಾರ ಬಾಗಿಲು ಹಾಕುವುದೂ ‘ವೈಂಡ್ ಅಪ್’. ಕೀ ಕೊಟ್ಟರೆ ಗಡಿಯಾರ ಓಡತೊಡಗುತ್ತದೆ. ಕಂಪನಿಯ ಓಟ ಮಾತ್ರ ಅಲ್ಲಿಗೆ ನಿಲ್ಲುತ್ತದೆ. ಹೋಗಲಿ ಎಂದು ‘ಅಪ್’ ತೆಗೆದು ‘ಡೌನ್’ ಹಚ್ಚಿದರೆ ಸಿಗುವ ‘ವೈಂಡ್ ಡೌನ್’ ಕೂಡ ವ್ಯವಹಾರವನ್ನು ಮೆಲ್ಲಗೆ ಮುಗಿಸುತ್ತ ಬರುವುದಕ್ಕೇ ಸಲ್ಲುತ್ತದೆ. ಮೇಲೇರಿದರೂ ಕೊನೆ, ಕೆಳಗಿಳಿದರೂ ಕೊನೆ. ಬ್ಯಾಂಕ್ ಪರೀಕ್ಷೆಗೋ ಐಇಎಲ್‌ಟಿಎಸ್‌ಗೋ ಓದುತ್ತಿರುವ ನಮ್ಮ ಹುಡುಗರು ಈ ಪಾಠಕ್ಕೆ ಬಂದಾಗ ತಲೆ ಮೇಲೆ ಕೈ ಹೊತ್ತು ಕೂರುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಕ್ರಿಯಾಪದದ ಹಿಂದೆ ‘ಅಪ್’, ‘ಆಫ್’, ‘ಔಟ್’, ‘ಡೌನ್’ನಂಥ ಕಿರುಪದ ಸೇರಿ ಆಗುವ ಜೋಡಿಗೆ ಫ್ರೇಸಲ್ ವರ್ಬ್ ಎಂದು ಹೆಸರು. ಏನನ್ನಾದರೂ ಮುಗಿಸುವ, ನಿಲ್ಲಿಸುವ, ಕೈಬಿಡುವ ಅರ್ಥದ ಜೋಡಿಗಳೇ ಲೆಕ್ಕ ತಪ್ಪುವಷ್ಟಿವೆ. ಎಂಡ್, ಫಿನಿಶ್, ಸ್ಟಾಪ್, ಸೀಸ್, ಕನ್‌ಕ್ಲೂಡ್, ಟರ್ಮಿನೇಟ್ ಎಂಬ ಒಂಟಿ ಪದಗಳು ಬೇಕಾದಷ್ಟಿದ್ದೂ ಇಂಗ್ಲಿಷಿಗೆ ಇವು ಏಕೆ ಬೇಕಾದವು? ‘ಮೇಲಕ್ಕೆ’ ಎನ್ನುವ ಪದಕ್ಕೆ ‘ಪೂರ್ತಿಯಾಗಿ’ ಎನ್ನುವ ಅರ್ಥ ಎಲ್ಲಿಂದ ಬಂತು? ಇದಕ್ಕೆಲ್ಲ ಒಂದು ನಿಯಮವಿದೆಯೋ, ಬಾಯಿಪಾಠವೇ ಗತಿಯೋ? ನಿಘಂಟುಕಾರರು, ವೈಯಾಕರಣರು, ಭಾಷಾವಿಜ್ಞಾನಿಗಳು, ಮೇಷ್ಟ್ರುಗಳು ಎರಡೂವರೆ ಶತಮಾನದಿಂದ ಇದನ್ನು ಜಗ್ಗಾಡುತ್ತಲೇ ಇದ್ದಾರೆ.

ಕೊನೆಯಲ್ಲೂ ಬಗೆಬಗೆ

ವಾದಗಳಿಗೆ ಹೋಗುವ ಮೊದಲು ವಾದದ ವಸ್ತುವನ್ನು ಹತ್ತಿರದಿಂದ ನೋಡಬೇಕು. ‘ಡೈ’ ಎಂಬ ಕ್ರಿಯಾಪದವನ್ನೇ ತೆಗೆದುಕೊಳ್ಳಿ. ಒಂದು ಪ್ರಾಣಿಯ ಕುಲವೋ ಒಂದು ಭಾಷೆಯೋ ಪೂರ್ತಿ ನಿರ್ನಾಮವಾದರೆ ಅದು ‘ಡೈ ಔಟ್’. ತೋಟದ ಗಿಡಗಳು ಒಂದರ ಹಿಂದೊಂದು ಸಾಯುತ್ತ ಬಂದರೆ ‘ಡೈ ಆಫ್’. ಬಿರುಗಾಳಿಯೋ ಗಲಾಟೆಯೋ ತಣ್ಣಗಾದರೆ ‘ಡೈ ಡೌನ್’. ದೂರ ಸಾಗುವ ರೈಲಿನ ಸದ್ದು ಕ್ರಮೇಣ ಕೇಳಿಸದಂತಾದರೆ ‘ಡೈ ಅವೇ’. ಸಾವು ಕ್ರಿಯಾಪದದ ಪಾಲಿಗೆ, ಸಾವಿನ ರೀತಿ ಕಿರುಪದದ ಪಾಲಿಗೆ. ಒಟ್ಟಿಗೆ ಹೋದವೋ, ಒಂದೊಂದಾಗಿ ಹೋದವೋ, ಆರ್ಭಟ ಇಳಿಯಿತೋ, ದೂರವಾಗಿ ಕರಗಿತೋ ಎಂಬುದನ್ನು ಮೂರು ನಾಲ್ಕು ಅಕ್ಷರಗಳಲ್ಲಿ ಹೇಳಿ ಮುಗಿಸುವ ಮಿತವ್ಯಯ ಇದು. ಪೂರ್ಣತೆಗೆ ಹೆಸರಾದ ‘ಅಪ್’ ಮಾತ್ರ ಈ ಸಾಲಿನಲ್ಲಿ ಇಲ್ಲ. ‘ಡೈ ಅಪ್’ ಎಂದು ಯಾರೂ ಹೇಳುವುದಿಲ್ಲ.

ಕೊನೆ ಯಾವ ಘಟ್ಟದಲ್ಲಿ ಬಂತು ಎಂಬುದನ್ನೂ ಈ ಜೋಡಿಗಳು ಗುರುತಿಸುತ್ತವೆ. ಮಳೆ ಬಂದು ಟಾಸ್ ಕೂಡ ಆಗದೆ ಪಂದ್ಯ ರದ್ದಾದರೆ ‘ಕಾಲ್ ಆಫ್’. ಮಾತುಕತೆ ನಡುವೆಯೇ ಮುರಿದುಬಿದ್ದರೆ ‘ಬ್ರೇಕ್ ಆಫ್’. ಉಳಿದ ಕೊಂಚ ಕೆಲಸವನ್ನೂ ಮುಗಿಸಿ ಕೈ ತೊಳೆದುಕೊಂಡರೆ ‘ಫಿನಿಶ್ ಆಫ್’. ಹಳೆಯ ಮಾದರಿಯ ಬಸ್ಸುಗಳನ್ನು ಹಂತಹಂತವಾಗಿ ರಸ್ತೆಯಿಂದ ತೆಗೆದರೆ ‘ಫೇಸ್ ಔಟ್’. ಶುರುವಾದಾಗಿನ ಅಬ್ಬರವೆಲ್ಲ ಠುಸ್ಸೆಂದು ಹೋದರೆ ‘ಫಿಜಲ್ ಔಟ್’. ಹಲ್ಲು ಕೀಳುವಾಗ ಕೊಟ್ಟ ಅರಿವಳಿಕೆಯ ಪ್ರಭಾವ ಇಳಿದುಹೋದರೆ ‘ವೇರ್ ಆಫ್’. ಎಲ್ಲವೂ ಕೊನೆಗಳೇ, ಆದರೆ ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ವಾಕ್ಯ ಕೆಡುತ್ತದೆ.

ಒಂಟಿ ಪದಗಳೂ ಒಂದಕ್ಕೊಂದು ಸಮ ಅಲ್ಲ. ಅಮೆರಿಕದ ಆಲಿಸ್ ಫ್ರೀಡ್ 1979ರಲ್ಲಿ ಬಿಗಿನ್, ಸ್ಟಾಪ್, ಫಿನಿಶ್, ಸೀಸ್, ಕ್ವಿಟ್, ಎಂಡ್ ಮೊದಲಾದ ಕ್ರಿಯಾಪದಗಳ ಮೇಲೆಯೇ ಒಂದು ಪುಸ್ತಕ ಬರೆದರು. ಕಾಗದ ಬರೆಯುವುದನ್ನು ‘ಸ್ಟಾಪ್’ ಮಾಡಿದವನ ಕಾಗದ ಅರ್ಧಕ್ಕೇ ಉಳಿದಿರಬಹುದು. ‘ಫಿನಿಶ್’ ಮಾಡಿದವನದು ಸಹಿಯವರೆಗೂ ಆಗಿದೆ. ನಿಲ್ಲಿಸುವುದಕ್ಕೂ ಮುಗಿಸುವುದಕ್ಕೂ ಇರುವ ಈ ಅಂತರ ಕನ್ನಡಿಗರಿಗೆ ಹೊಸದಲ್ಲ. ‘ರೈಟಿಂಗ್’ ಎಂಬ ರೂಪ ‘ಸ್ಟಾಪ್’, ‘ಫಿನಿಶ್’ ಎರಡರ ಜೊತೆಗೂ ಹೊಂದುತ್ತದೆ, ‘ಎಂಡ್’ ಜೊತೆ ಹೊಂದುವುದಿಲ್ಲ ಎಂಬುದು ಮಾತ್ರ ಹೊರಗಿನವರಿಗೆ ಹೊಳೆಯುವಂಥದ್ದಲ್ಲ.

ಮುಂದೆ ಇದ್ದದ್ದು ಹಿಂದೆ ಹೋದ ಕಥೆ

ಹಳೆಯ ಇಂಗ್ಲಿಷಿನಲ್ಲಿ, ಅಂದರೆ 1066ರ ನಾರ್ಮನ್ ದಾಳಿಗೆ ಮುಂಚಿನ ಭಾಷೆಯಲ್ಲಿ, ಈ ಕೆಲಸವನ್ನು ಮಾಡುತ್ತಿದ್ದುದು ಕ್ರಿಯಾಪದದ ಮುಂದೆ ಅಂಟುವ ಪೂರ್ವಪ್ರತ್ಯಯ. ಸುಡು ಎಂಬ ಕ್ರಿಯಾಪದಕ್ಕೆ ‘ಫಾರ್’ ಸೇರಿದರೆ ಸುಟ್ಟು ಬೂದಿ ಮಾಡು ಎಂದಾಗುತ್ತಿತ್ತು. ಜರ್ಮನ್ ಭಾಷೆಯಲ್ಲಿ ಅದೇ ಕುಲದ ‘ಫೆರ್’ ಇವತ್ತಿಗೂ ಚಲಾವಣೆಯಲ್ಲಿದೆ. ಇಂಗ್ಲಿಷಿನಲ್ಲಿ ಅದು ಫಾರ್‌ಗಿವ್, ಫಾರ್‌ಬಿಡ್, ಫಾರ್‌ಸೇಕ್ ಎಂಬ ಕೆಲವು ಪದಗಳಲ್ಲಿ ಪಳೆಯುಳಿಕೆಯಾಗಿ ಕೂತಿದೆ. ಪೂರ್ವಪ್ರತ್ಯಯಗಳು ಸವೆದು ಅರ್ಥ ಕಳೆದುಕೊಂಡಂತೆಲ್ಲ ಹಿಂದೆ ಬರುವ ಕಿರುಪದಗಳು ಆ ಜಾಗ ತುಂಬಿದವು. ಈ ಸ್ಥಳಾಂತರವನ್ನು ಫಿನ್ಲೆಂಡಿನ ರಿಸ್ಟೊ ಹಿಲ್ಟುನೆನ್ 1983ರಲ್ಲಿ ವಿಸ್ತಾರವಾಗಿ ದಾಖಲಿಸಿದರು.

ಇಲ್ಲಿಯವರೆಗೆ ಹೆಚ್ಚು ತಕರಾರಿಲ್ಲ. ತಕರಾರು ಇರುವುದು ‘ಅಪ್’ನ ಪೂರ್ಣತೆಯ ಅರ್ಥದ ಮೇಲೆ. ಹಳೆಯ ಇಂಗ್ಲಿಷಿನ ಬರಹಗಳಲ್ಲಿ ‘ಅಪ್’ ಬಹುಪಾಲು ನಿಜವಾಗಿ ಮೇಲಕ್ಕೇ ಹೋಗುತ್ತದೆ. 1154ಕ್ಕೆ ನಿಲ್ಲುವ ಪೀಟರ್‌ಬರೋ ಕ್ರಾನಿಕಲ್ ಎಂಬ ಮಠದ ವಾರ್ಷಿಕ ದಾಖಲೆಯ ಕೊನೆಯ ಭಾಗಗಳಿಗೆ ಬರುವಷ್ಟರಲ್ಲಿ, ಒಪ್ಪಿಸಿಬಿಡುವ ಅರ್ಥದ ‘ಗಿವ್ ಅಪ್’ ಕಾಣಿಸಿಕೊಳ್ಳುತ್ತದೆ. ಈ ಅರ್ಥದ ಹುಟ್ಟನ್ನೇ ಹಿಡಿದು ಡೇವಿಡ್ ಡೆನಿಸನ್ 1985ರಲ್ಲಿ ಒಂದು ಪ್ರಸಿದ್ಧ ಲೇಖನ ಬರೆದರು. ಒಂದು ಪಕ್ಷದ ಪ್ರಕಾರ ಇದು ವೈಕಿಂಗರ ಕೊಡುಗೆ. ಒಂಬತ್ತನೆಯ ಶತಮಾನದಿಂದ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗಗಳಲ್ಲಿ ನೆಲೆಸಿದ ಅವರ ನಾರ್ಸ್ ಭಾಷೆ ಪೂರ್ವಪ್ರತ್ಯಯಗಳನ್ನು ಅಷ್ಟರಲ್ಲೇ ಕಳೆದುಕೊಂಡು, ಕಿರುಪದಗಳನ್ನು ಕ್ರಿಯಾಪದದ ಹಿಂದೆ ಇಡುತ್ತಿತ್ತು. ಇನ್ನೊಂದು ಪಕ್ಷಕ್ಕೆ ವೈಕಿಂಗರ ಅಗತ್ಯವಿಲ್ಲ. ಕರ್ಮ ಮೊದಲು, ಕ್ರಿಯೆ ಆಮೇಲೆ ಎಂಬ ಹಳೆಯ ಕ್ರಮ ಬದಲಾಗಿ ಕ್ರಿಯಾಪದ ವಾಕ್ಯದ ಮುಂಭಾಗಕ್ಕೆ ಬಂತು, ಅದರ ಜೊತೆಗಿದ್ದ ಕಿರುಪದ ಹಿಂದೆಯೇ ಉಳಿಯಿತು, ಅಷ್ಟೇ.

ಎರಡನೆಯ ಪಕ್ಷಕ್ಕೆ ಬಲ ಕೊಟ್ಟವರು ಷ್ಟೆಫಾನ್ ಟಿಮ್. ಅವರ 2012ರ ಪುಸ್ತಕ ಇಡೀ ಜರ್ಮಾನಿಕ್ ಕುಟುಂಬವನ್ನು ಪಕ್ಕಪಕ್ಕ ಇಟ್ಟು ನೋಡುತ್ತದೆ. ತಿಂದು ಮುಗಿಸು ಎನ್ನಲು ಡಚ್ಚರು ‘ಓಪ್’, ಜರ್ಮನರು ‘ಔಫ್’, ಸ್ವೀಡನ್ನಿನವರು ‘ಉಪ್’ ಬಳಸುತ್ತಾರೆ. ಎಲ್ಲವೂ ‘ಮೇಲೆ’ಯ ನೆಂಟರೇ. ಹೀಗಿರುವಾಗ ಫ್ರೇಸಲ್ ವರ್ಬ್ ಇಂಗ್ಲಿಷಿನ ಅಪೂರ್ವ ಸ್ವತ್ತು ಎಂದು ಪಠ್ಯಪುಸ್ತಕಗಳು ಬೀಗುವುದಕ್ಕೆ ಆಧಾರ ತೀರ ಕಡಿಮೆ.

ಇದರ ನಡುವೆ ಫ್ರೆಂಚ್, ಲ್ಯಾಟಿನ್ ಪದಗಳು ಹೊಳೆಯಂತೆ ಹರಿದುಬಂದವು. ಫಿನಿಶ್, ಸೀಸ್, ಕನ್‌ಕ್ಲೂಡ್, ಟರ್ಮಿನೇಟ್, ಅಬಾಲಿಶ್ ಎಲ್ಲವೂ ಆ ದಾರಿಯವು. ಕೆಲಸದಿಂದ ತೆಗೆಯುವ ಪತ್ರದಲ್ಲಿ ‘ಟರ್ಮಿನೇಟ್’ ಇರುತ್ತದೆ, ಕ್ಯಾಂಟೀನಿನ ಮಾತಿನಲ್ಲಿ ‘ಲೇ ಆಫ್’. ಇದರಿಂದ ಫ್ರೇಸಲ್ ವರ್ಬ್ ಎಂದರೆ ಬೀದಿಮಾತು, ಒಂಟಿಪದವೆಂದರೆ ಶಿಷ್ಟ ಎಂಬ ನಂಬಿಕೆ ಬೆಳೆಯಿತು. ನಂಬಿಕೆ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. 1848ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಮಾಡಿದ ಒಂದು ಕಂಪನಿ ಕಾಯ್ದೆಯ ಹೆಸರಲ್ಲೇ ‘ವೈಂಡಿಂಗ್ ಅಪ್’ ಇದೆ. ನಮ್ಮ 2013ರ ಕಂಪನಿ ಕಾಯ್ದೆಯ ಇಪ್ಪತ್ತನೆಯ ಅಧ್ಯಾಯದ ತಲೆಬರಹವೂ ಅದೇ. ಕಾನೂನಿಗಿಂತ ಮಡಿವಂತ ಭಾಷೆ ಇನ್ನೊಂದಿದೆಯೇ?

ಹೆಸರಿಟ್ಟವರು

1755ರ ತಮ್ಮ ನಿಘಂಟಿನ ಮುನ್ನುಡಿಯಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ಈ ಜೋಡಿಗಳನ್ನು ಪ್ರತ್ಯೇಕವಾಗಿ ಎತ್ತಿ ಹೇಳಿ, ಪರದೇಶಿಯರಿಗೆ ಇವೇ ದೊಡ್ಡ ತೊಡಕು ಎಂದು ಗುರುತಿಸಿದರು. ಅಂಥ ಜೋಡಿಗಳನ್ನು ಜತನದಿಂದ ಕಲೆಹಾಕಿದ್ದಾಗಿಯೂ ಹೇಳಿಕೊಂಡರು. 1920ರಲ್ಲಿ ಆರ್ಥರ್ ಕೆನಡಿ ಇವುಗಳ ಮೇಲೆ ಮೊದಲ ದೊಡ್ಡ ಅಧ್ಯಯನಗಳಲ್ಲೊಂದನ್ನು ತಂದರು. ‘ಫ್ರೇಸಲ್ ವರ್ಬ್’ ಎಂಬ ಹೆಸರು ಅಚ್ಚಿನಲ್ಲಿ ಪ್ರಚಾರಕ್ಕೆ ಬಂದದ್ದು 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ಅವರ ‘ವರ್ಡ್ಸ್ ಅಂಡ್ ಈಡಿಯಮ್ಸ್’ ಪುಸ್ತಕದಲ್ಲಿ. ಹೆಸರನ್ನು ಸೂಚಿಸಿದ್ದು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರ್ಯಾಡ್ಲಿ ಎಂದು ಸ್ಮಿತ್ ಅವರೇ ತಿಳಿಸಿದ್ದಾರೆ. 1971ರಲ್ಲಿ ಡ್ವೈಟ್ ಬೋಲಿಂಜರ್ ಬರೆದ ಪುಸ್ತಕದಿಂದ ವಿಷಯ ಆಧುನಿಕ ಭಾಷಾವಿಜ್ಞಾನದ ಅಂಗಳಕ್ಕೆ ಬಂತು. ಅಲ್ಲಿಂದ ದಾರಿಗಳು ಕವಲೊಡೆದವು.

ಬಾಯಿಪಾಠದ ಪಕ್ಷ

ಮೊದಲನೆಯ ಪಕ್ಷದ ವಾದ ಸರಳ. ಜೋಡಿಯ ಅರ್ಥ ಬಿಡಿಭಾಗಗಳಿಂದ ಬರುವುದಿಲ್ಲ, ಆದ್ದರಿಂದ ಪ್ರತಿಯೊಂದನ್ನೂ ಹೊಸ ಪದದಂತೆ ಕಲಿಯಬೇಕು. ನಮ್ಮಲ್ಲಿ ಮಾರುವ ಗೈಡುಗಳು ಈ ಪಕ್ಷದವು: ಎಡಕ್ಕೆ ಜೋಡಿ, ಬಲಕ್ಕೆ ಅರ್ಥ, ಪುಟಗಟ್ಟಲೆ ಪಟ್ಟಿ. ಈ ಪಕ್ಷದ ಕೈಯಲ್ಲಿ ಒಳ್ಳೆಯ ಸಾಕ್ಷ್ಯಗಳಿಲ್ಲ ಎನ್ನುವಂತಿಲ್ಲ. ದೀಪ ‘ಗೋ ಆಫ್’ ಆದರೆ ಆರುತ್ತದೆ, ಅಲಾರಾಂ ‘ಗೋ ಆಫ್’ ಆದರೆ ಬಡಿದುಕೊಳ್ಳುತ್ತದೆ. ಇದಕ್ಕೆ ಯಾವ ನಿಯಮ ಹೇಳುತ್ತೀರಿ? ಕೊನೆಗೆ ಎಲ್ಲೋ ಹೋಗಿ ಸೇರುವ ‘ಎಂಡ್ ಅಪ್’ನಲ್ಲಿ ಮುಗಿಸುವ ಉದ್ದೇಶವೇ ಇಲ್ಲ.

ಆದರೂ ನನಗೆ ಇದು ಅತ್ಯಂತ ಬಡಪಾಯಿ ಪಕ್ಷವಾಗಿ ಕಾಣುತ್ತದೆ. ಈಟ್, ಡ್ರಿಂಕ್, ಯೂಸ್, ಬರ್ನ್, ಡ್ರೈ, ಟೇರ್ ಎಲ್ಲದಕ್ಕೂ ‘ಅಪ್’ ಸೇರಿ ಎಲ್ಲದರಲ್ಲೂ ಪೂರ್ತಿಯಾಗಿ ಎಂಬ ಅರ್ಥವೇ ಬರುವಾಗ, ಆರನ್ನೂ ಆರು ಬೇರೆ ಪದಗಳೆಂದು ಕಲಿಸುವುದು ಕಣ್ಣೆದುರಿನ ಸಾಮ್ಯವನ್ನು ನೋಡದೆ ಹೋದಂತೆ.

ಗಡಿ ಹಾಕುವ ವ್ಯಾಕರಣ

ಎರಡನೆಯ ಪಕ್ಷಕ್ಕೆ ಮೂಲ 1957ರಲ್ಲಿ ಜೆನೊ ವೆಂಡ್ಲರ್ ಬರೆದ ಒಂದು ಪ್ರಬಂಧ. ಕ್ರಿಯೆಗಳಲ್ಲಿ ಕೆಲವಕ್ಕೆ ತಮ್ಮದೇ ಕೊನೆ ಇದೆ, ಕೆಲವಕ್ಕೆ ಇಲ್ಲ ಎಂದು ಅವರು ವಿಂಗಡಿಸಿದರು. ನಡೆಯುವುದಕ್ಕೆ ಕೊನೆ ಎಂಬುದಿಲ್ಲ, ಎಲ್ಲಿ ನಿಂತರೂ ನಡೆದಂತೆಯೇ. ಮನೆ ಕಟ್ಟುವುದಕ್ಕೆ ಕೊನೆ ಉಂಟು, ಅರ್ಧಕ್ಕೆ ನಿಂತರೆ ಕಟ್ಟಿದಂತಲ್ಲ. ಪರೀಕ್ಷೆ ಮಾಡುವುದು ಸುಲಭ: ‘ಒಂದು ಗಂಟೆ’ ಎಂಬುದು ಹೊಂದುತ್ತದೋ, ‘ಒಂದು ಗಂಟೆಯಲ್ಲಿ’ ಎಂಬುದು ಹೊಂದುತ್ತದೋ ನೋಡಿದರೆ ಸಾಕು. ಒಂದು ಗಂಟೆ ತಿಂದ. ಒಂದು ಗಂಟೆಯಲ್ಲಿ ತಿಂದು ಮುಗಿಸಿದ. ಈ ಎರಡನೆಯ ವಾಕ್ಯದ ‘ಮುಗಿಸಿದ’ ಮಾಡುವ ಕೆಲಸವನ್ನು ಇಂಗ್ಲಿಷಿನ ‘ಈಟ್ ಅಪ್’ನಲ್ಲಿ ‘ಅಪ್’ ಮಾಡುತ್ತದೆ. ಲಾರೆಲ್ ಬ್ರಿಂಟನ್ 1985ರ ಲೇಖನದಲ್ಲೂ 1988ರ ಪುಸ್ತಕದಲ್ಲೂ ಇದನ್ನು ಬೆಳೆಸಿದರು. ಅವರ ಪ್ರಕಾರ ಕಿರುಪದ ‘ಕೆಲಸ ಮುಗಿದಿದೆ’ ಎಂದು ಹೇಳುವುದಿಲ್ಲ. ‘ಈ ಕೆಲಸಕ್ಕೊಂದು ಕೊನೆ ಇದೆ’ ಎಂದಷ್ಟೇ ಹೇಳುತ್ತದೆ. ‘ಈಟಿಂಗ್ ಅಪ್’ ಎಂದರೆ ಇನ್ನೂ ತಿನ್ನುತ್ತಲೇ ಇದ್ದಾನೆ, ಆದರೆ ತಟ್ಟೆ ಖಾಲಿಯಾಗುವ ದಾರಿಯಲ್ಲಿದೆ.

ಇಡೀ ಚರ್ಚೆಯಲ್ಲಿ ಹರಿತವಾದ ಮಾತು ಇದು ಎಂದು ನನ್ನ ಎಣಿಕೆ. ಇದರಿಂದ ಒಂದು ವಿಚಿತ್ರ ನಿರ್ಬಂಧವೂ ಅರ್ಥವಾಗುತ್ತದೆ. ‘ಆ ಮಾವಿನಹಣ್ಣುಗಳನ್ನು’ ಎಂದು ಗುರುತಿಸಿ ಹೇಳಿದರೆ ‘ಈಟ್ ಅಪ್’ ಸಲೀಸು. ಎಷ್ಟು, ಯಾವುವು ಎಂದಿಲ್ಲದೆ ಬರಿದೆ ‘ಮಾವಿನಹಣ್ಣುಗಳನ್ನು’ ಎಂದರೆ ಅದೇ ಜೋಡಿ ಕಿವಿಗೆ ಚುಚ್ಚುತ್ತದೆ. ಎಲ್ಲೆಯಿಲ್ಲದ ವಸ್ತುವಿಗೆ ಎಲ್ಲೆ ಹಾಕಲು ಬರುವುದಿಲ್ಲವಲ್ಲ.

ಆದರೆ ಒಂದು ಸೇಬು ತಿಂದ ಎಂದಾಗಲೇ ಕೊನೆ ಇದೆ. ಹಾಗಾದರೆ ‘ಅಪ್’ ಹೆಚ್ಚಿಗೆ ಏನು ಕೊಟ್ಟಿತು? ಸೇಬು ಒಂದು ಚೂರೂ ಉಳಿಯದಂತೆ ಹೋಯಿತು ಎಂಬ ಒತ್ತು ಎನ್ನುತ್ತಾರೆ ಕೆಲವರು. ‘ಸ್ಪೀಡ್ ಅಪ್’, ‘ಚಿಯರ್ ಅಪ್’ನಲ್ಲಿ ಗಡಿ ಎಲ್ಲಿದೆ ಎಂಬ ಪ್ರಶ್ನೆಗೆ ಈ ಪಕ್ಷದವರು ಕೊಡುವ ಉತ್ತರ ತೊದಲುತ್ತದೆ. ಇನ್ನೂ ದೊಡ್ಡ ಕೊರತೆ ಬೇರೆ ಇದೆ. ಕಿರುಪದಗಳೆಲ್ಲ ಗಡಿ ಹಾಕುವವೇ ಆದರೆ ಒಂದೇ ಕಿರುಪದ ಸಾಕಿತ್ತು. ‘ಔಟ್’, ‘ಆಫ್’, ‘ಡೌನ್’ ಎಂದು ಬೇರೆಬೇರೆ ಏಕೆ?

ದಿಕ್ಕಿನಿಂದ ಅರ್ಥ ತೆಗೆಯುವವರು

ಆ ಪ್ರಶ್ನೆಗೆ ಎದೆ ಕೊಟ್ಟವರು ಸಂಜ್ಞಾನಾತ್ಮಕ ಭಾಷಾವಿಜ್ಞಾನಿಗಳು. 1980ರಲ್ಲಿ ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ ನಮ್ಮ ಅಮೂರ್ತ ಆಲೋಚನೆಗಳು ಬಹುಮಟ್ಟಿಗೆ ದೇಹದ ಅನುಭವದ ರೂಪಕಗಳ ಮೇಲೆ ನಿಂತಿವೆ ಎಂದು ವಾದಿಸಿದರು. ಮರುವರ್ಷವೇ ಸೂಸನ್ ಲಿಂಡ್ನರ್ ಸ್ಯಾನ್ ಡಿಯೆಗೊದಲ್ಲಿ ‘ಔಟ್’ ಮತ್ತು ‘ಅಪ್’ ಎರಡನ್ನೇ ಹಿಡಿದು ಡಾಕ್ಟರೇಟ್ ಪ್ರಬಂಧ ಬರೆದರು. ಅದರಲ್ಲಿ ‘ಅಪ್’ನ ಅರ್ಥಗಳು ಒಂದು ಜಾಲದಂತೆ ಹರಡಿಕೊಂಡಿವೆ: ಮೇಲೇರುವುದು, ಹತ್ತಿರ ಬರುವುದು, ಗುರಿ ಮುಟ್ಟುವುದು, ಅಲ್ಲಿಂದ ಪೂರ್ತಿಯಾಗುವುದು. ‘ಔಟ್’ ಎಂದರೆ ಒಳಗಿದ್ದದ್ದು ಹೊರಗೆ ಹೋಗಿ ಬರಿದಾಗುವುದು, ಹಾಗಾಗಿ ‘ರನ್ ಔಟ್’. ‘ಆಫ್’ ಎಂದರೆ ಅಂಟಿಕೊಂಡದ್ದು ಕಳಚುವುದು, ಹಾಗಾಗಿ ‘ಬ್ರೇಕ್ ಆಫ್’. ‘ಡೌನ್’ ಎಂದರೆ ಎದ್ದು ನಿಂತು ನಡೆಯುತ್ತಿದ್ದದ್ದು ಕುಸಿದು ಕೂರುವುದು, ಹಾಗಾಗಿ ‘ಶಟ್ ಡೌನ್’.

ಕಲಿಸಲು ಇದಕ್ಕಿಂತ ಅನುಕೂಲದ ವಿವರಣೆ ಇಲ್ಲ. ಬ್ರಿಗಿಡಾ ರುಡ್ಜ್‌ಕಾ ಓಸ್ಟಿನ್ ಇದೇ ತಳಹದಿಯ ಮೇಲೆ ಕಲಿಯುವವರಿಗೆಂದೇ ಬರೆದ ಅಭ್ಯಾಸಪುಸ್ತಕ 2003ರಲ್ಲಿ ಹೊರಬಂತು. ಆದರೆ ವಿವರಣೆ ಅತಿ ಸಲೀಸಾದಾಗ ಅನುಮಾನ ಬರಬೇಕು. ಕೊಡ ತುಂಬಿದಂತೆ ನೀರು ಮೇಲೇರುತ್ತದೆ, ಆದ್ದರಿಂದ ‘ಫಿಲ್ ಅಪ್’ ಎನ್ನುವವರು, ಲೋಟ ಖಾಲಿಯಾದಂತೆ ನೀರು ಕೆಳಗಿಳಿಯುವ ‘ಡ್ರಿಂಕ್ ಅಪ್’ಗೆ ಬಂದಾಗ ರೂಪಕ ಬದಲಿಸಬೇಕಾಗುತ್ತದೆ. ಕಾಗದ ‘ಬರ್ನ್ ಅಪ್’, ಮನೆ ‘ಬರ್ನ್ ಡೌನ್’: ಹೊಗೆಯಾಗಿ ಮೇಲೆ ಹೋಯಿತು, ಗೋಡೆ ಕೆಳಗೆ ಬಿತ್ತು ಎಂದು ಒಪ್ಪಿಕೊಳ್ಳೋಣ. ‘ಸ್ಲೋ ಅಪ್’, ‘ಸ್ಲೋ ಡೌನ್’ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅರ್ಥ. ಇಲ್ಲಿ ಯಾವ ಚಿತ್ರ? ಬಳಕೆ ಆದಮೇಲೆ ಕಾರಣ ಕಟ್ಟುವುದು ಬೇರೆ, ಇನ್ನೂ ಕೇಳದ ಜೋಡಿಯನ್ನು ಮುಂಚೆಯೇ ಊಹಿಸುವುದು ಬೇರೆ. ‘ಡೈ ಅಪ್’ ಏಕೆ ಇಲ್ಲ ಎಂಬುದನ್ನು ಈ ಪಕ್ಷ ಹೇಳಿಲ್ಲ.

ಎಣಿಸುವವರು, ಮಿದುಳು ನೋಡುವವರು

ಕಂಪ್ಯೂಟರ್ ಬಂದಮೇಲೆ ವಾದದ ರೀತಿಯೇ ಬದಲಾಯಿತು. ಹತ್ತು ಕೋಟಿ ಪದಗಳ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಎಂಬ ಪಠ್ಯಸಂಗ್ರಹ ಇಟ್ಟುಕೊಂಡು ಡೀ ಗಾರ್ಡ್ನರ್ ಮತ್ತು ಮಾರ್ಕ್ ಡೇವೀಸ್ 2007ರಲ್ಲಿ ಲೆಕ್ಕ ಹಾಕಿದಾಗ, ಕೇವಲ 20 ಕ್ರಿಯಾಪದಗಳು 8 ಕಿರುಪದಗಳ ಜೊತೆ ಸೇರಿ ಅಲ್ಲಿನ ಒಟ್ಟು ಫ್ರೇಸಲ್ ವರ್ಬ್ ಬಳಕೆಯ ಅರ್ಧಕ್ಕೂ ಹೆಚ್ಚು ಭಾಗವನ್ನು ಆಕ್ರಮಿಸಿದ್ದವು. ಸಾವಿರಾರು ಜೋಡಿಗಳ ಪಟ್ಟಿ ಹೊತ್ತ ವಿದ್ಯಾರ್ಥಿಗೆ ಇದಕ್ಕಿಂತ ಸಿಹಿಸುದ್ದಿ ಇಲ್ಲ.

2010ರಲ್ಲಿ ಬರ್ಟ್ ಕಾಪೆಲ್ ಮತ್ತು ಸಂಗಡಿಗರು ಮಿದುಳಿನ ಕಾಂತೀಯ ಸ್ಪಂದನವನ್ನು ಅಳೆದರು. ‘ಹೀಟ್ ಅಪ್’ನಂಥ ರೂಢಿಯ ಜೋಡಿಗೆ ಸಿಕ್ಕ ಪ್ರತಿಕ್ರಿಯೆ, ‘ಕೂಲ್ ಅಪ್’ನಂಥ ಇಲ್ಲದ ಜೋಡಿಗೆ ಸಿಕ್ಕದ್ದಕ್ಕಿಂತ ಬಲವಾಗಿತ್ತು. ಒಂದು ಇಡೀ ಪದ ಕೇಳಿದಾಗ ಮಿದುಳು ವರ್ತಿಸುವುದು ಹೀಗೆಯೇ. ಬಾಯಿಪಾಠದ ಪಕ್ಷದವರು ಇದನ್ನು ತಮ್ಮ ಗೆಲುವೆಂದು ಎಣಿಸಬಹುದು. ಅದಕ್ಕೆ ಎದುರುವಾದವೂ ಇದೆ: ಅರ್ಥ ಭಾಗಗಳಿಂದಲೇ ಬಂದಿದ್ದರೂ ಸಾವಿರ ಸಲ ಕೇಳಿದ ಜೋಡಿ ಒಂದೇ ಗಂಟಾಗಿ ಮನಸ್ಸಿನಲ್ಲಿ ಕೂರಬಹುದು. ಆ ಗಂಟನ್ನು ಸುಲಭವಾಗಿ ಬಿಚ್ಚಲೂಬಹುದು. ‘ರ್‍ಯಾಪ್ ಅಪ್’ ನಡುವೆ ‘ಇಟ್’ ತೂರಿಸಿ ‘ರ್‍ಯಾಪ್ ಇಟ್ ಅಪ್’ ಎನ್ನುವುದು ಇಂಗ್ಲಿಷಿನಲ್ಲಿ ಕಡ್ಡಾಯ. ಒಂದೇ ಪದವಾದರೆ ಅದರ ಹೊಟ್ಟೆಯಲ್ಲಿ ಇನ್ನೊಂದು ಪದ ಹೇಗೆ ಬಂತು?

ಕನ್ನಡಿಗರ ಬಾಯಲ್ಲಿ

ಕನ್ನಡ ಈ ಜೋಡಿಗಳನ್ನು ಎರವಲು ತಂದ ರೀತಿ ಒಂದೇ ಗಂಟು ಎಂಬ ವಾದವನ್ನು ನೆನಪಿಸುತ್ತದೆ. ಸಿನಿಮಾ ಸೆಟ್ಟಿನ ‘ಪ್ಯಾಕಪ್’, ಕಾರ್ಖಾನೆಯ ‘ಲಾಕೌಟ್’, ಪ್ರೇಮಿಗಳ ‘ಬ್ರೇಕಪ್’, ಶಾಲೆ ಬಿಟ್ಟ ಮಕ್ಕಳ ‘ಡ್ರಾಪೌಟ್’, ಮೀಟಿಂಗಿನ ‘ವೈಂಡಪ್’. ಬಹುಪಾಲು ಮುಗಿಯುವ ಮಾತುಗಳೇ. ಎಲ್ಲವನ್ನೂ ನಾವು ಒಂದೇ ನಾಮಪದವಾಗಿ ಬೆಸೆದು ಹಿಂದೆ ‘ಮಾಡು’, ‘ಆಗು’ ಹಚ್ಚಿದ್ದೇವೆ. ನಡುವೆ ತೂರಿಸುವ ಜಾಗವೇ ಇಲ್ಲ. ಇನ್ನೊಂದೆಡೆ, ಫೋನ್ ‘ಪಿಕ್ ಅಪ್’ ಆಗಬೇಕಾದಲ್ಲಿ ‘ಪಿಕ್ ಮಾಡಲಿಲ್ಲ’ ಎಂದು ಕಿರುಪದವನ್ನು ಉದುರಿಸುತ್ತೇವೆ. ಬ್ರಿಟನ್ನಿನವರು ಕಿರುಪದವಿಲ್ಲದೆ ಬಳಸುವ ‘ಕೋಪ್’ಗೆ ‘ಅಪ್’ ಸೇರಿಸುತ್ತೇವೆ. ‘ಕೀಪ್ ಅಪ್’, ‘ಕ್ಯಾಚ್ ಅಪ್’, ‘ಪುಟ್ ಅಪ್’ಗಳ ಸಹವಾಸದಿಂದ ಅದು ಬಂದಿರಬಹುದು.

ಕನ್ನಡದಲ್ಲಿ ಈ ಕೆಲಸಕ್ಕೆ ಇರುವುದು ಕಿರುಪದವಲ್ಲ, ಇನ್ನೊಂದು ಕ್ರಿಯಾಪದ. ತಿಂದುಬಿಟ್ಟ, ತಿಂದು ಹಾಕಿದ, ಸತ್ತುಹೋದ, ತೀರಿಕೊಂಡರು. ನಮಗೆ ಪೂರ್ಣತೆ ಬರುವುದು ದಿಕ್ಕಿನಿಂದಲ್ಲ. ಬಿಡುವುದರಿಂದ, ಹಾಕುವುದರಿಂದ, ಹೋಗುವುದರಿಂದ. ಅದರ ಜೊತೆಗೆ ಹೇಳುವವನ ಮನಸ್ಸೂ ಸೇರಿಕೊಳ್ಳುತ್ತದೆ. ‘ಮಾರಿದ’ ಎನ್ನುವುದು ಸುದ್ದಿ. ‘ಮಾರಿಬಿಟ್ಟ’ ಎಂದರೆ ಅದರಲ್ಲಿ ವಿಷಾದವೋ ನಿರಾಳವೋ ಇದೆ. ‘ತಿಂದುಬಿಟ್ಟ’ ಎನ್ನುತ್ತೇವೆ, ‘ತಿಂದುಬಿಡಲಿಲ್ಲ’ ಎನ್ನಲು ನಾಲಿಗೆ ಹೊರಳುವುದಿಲ್ಲ. ಇಂಗ್ಲಿಷಿನ ‘ಈಟ್ ಅಪ್’ಗೆ ನಿಷೇಧದಲ್ಲಿ ಅಂಥ ಅಡ್ಡಿ ಇಲ್ಲ. ಹಾಗಾಗಿ ‘ಅಪ್’ ಮತ್ತು ‘ಬಿಡು’ ಒಂದೇ ಕೆಲಸದ ಎರಡು ಉಪಕರಣ ಎಂದುಕೊಂಡರೆ ಅರ್ಧ ದಾರಿಯಲ್ಲೇ ಎಡವುತ್ತೇವೆ.

ಇನ್ನೂ ಇತ್ಯರ್ಥವಾಗದವು

ವೈಕಿಂಗರ ಪಾಲೆಷ್ಟು ಎಂಬ ಜಗಳ ಬೇಗ ತೀರುವ ಲಕ್ಷಣವಿಲ್ಲ. 1066ರ ನಂತರದ ಒಂದು ಶತಮಾನದಲ್ಲಿ ಇಂಗ್ಲಿಷ್ ಬರಹವೇ ವಿರಳ. ಬೇಕಾದ ಕಾಲದಲ್ಲೇ ಸಾಕ್ಷಿಗಳ ಬರ. ‘ಅಪ್’ಗೆ ತನ್ನದೇ ಅರ್ಥವಿದೆಯೋ, ಜೋಡಿಗೆ ಮಾತ್ರ ಇದೆಯೋ ಎಂಬಲ್ಲಿ ವ್ಯಾಕರಣದವರೂ ಮಿದುಳಿನವರೂ ಒಬ್ಬರ ಪುರಾವೆಯನ್ನು ಇನ್ನೊಬ್ಬರು ತಮ್ಮ ಕಡೆಗೆ ಎಳೆಯುತ್ತಿದ್ದಾರೆ.

ಕಲಿಯುವವರು ಈ ಜೋಡಿಗಳಿಂದ ಏಕೆ ಜಾರಿಕೊಳ್ಳುತ್ತಾರೆ ಎಂಬುದೂ ತೀರ್ಮಾನವಾಗಿಲ್ಲ. ಹೀಬ್ರೂ ಮಾತಾಡುವವರು ಒಂಟಿಪದದ ಕಡೆಗೇ ವಾಲುವುದನ್ನು ಕಂಡ ಡಾಗುಟ್ ಮತ್ತು ಲಾಫರ್, ಮಾತೃಭಾಷೆಯಲ್ಲಿ ಇಂಥ ಜೋಡಿ ಇಲ್ಲದಿರುವುದೇ ಕಾರಣ ಎಂದರು, ಅದು 1985. ನಾಲ್ಕು ವರ್ಷದ ಬಳಿಕ ಹುಲ್‌ಸ್ಟೈನ್ ಮತ್ತು ಮಾರ್ಚೆನಾ, ಜೋಡಿಗಳು ಧಾರಾಳವಾಗಿರುವ ಡಚ್ ಭಾಷೆಯವರೂ ಕೆಲವನ್ನು ತಪ್ಪಿಸುತ್ತಾರೆ, ಅದೂ ತಮ್ಮ ಭಾಷೆಯಂತೆಯೇ ಇದೆಯಲ್ಲ ಎಂಬ ಅನುಮಾನದಿಂದ, ಎಂದು ತೋರಿಸಿದರು. 1993ರಲ್ಲಿ ಸ್ವೀಡನ್ನಿನ ವಿದ್ಯಾರ್ಥಿಗಳನ್ನು ನೋಡಿದ ಲಾಫರ್ ಮತ್ತು ಎಲಿಯಾಸನ್‌ಗೆ ಹಾಗೆ ತಪ್ಪಿಸಿಕೊಳ್ಳುವುದು ಕಾಣಲಿಲ್ಲ.

ನಮಗೆ ಹತ್ತಿರದ ಪ್ರಶ್ನೆ ಇನ್ನೊಂದು. ನಮ್ಮಲ್ಲಿ ಇಂಜಿನಿಯರಿಂಗ್ ಮುಗಿಸಿದವರೆಲ್ಲ ‘ಪಾಸೌಟ್’. ಬ್ರಿಟನ್ನಿನಲ್ಲಿ ಸೇನಾ ತರಬೇತಿ ಮುಗಿಸಿ ಹೊರಬೀಳುವ ಪೆರೇಡಿಗೆ ಆ ಮಾತು ಉಂಟು, ಉಳಿದಂತೆ ಅದಕ್ಕೆ ಪ್ರಜ್ಞೆ ತಪ್ಪಿ ಬೀಳುವುದು ಎಂದೇ ಅರ್ಥ. ಕೋಟ್ಯಂತರ ಜನ ಒಂದೇ ರೀತಿ, ಒಂದೇ ಅರ್ಥದಲ್ಲಿ ಬಳಸುವ ಮಾತನ್ನು ತಪ್ಪು ಎನ್ನಬೇಕೋ, ಭಾರತೀಯ ಇಂಗ್ಲಿಷಿನ ಪದ ಎನ್ನಬೇಕೋ? ಬಳಕೆಯೇ ಪ್ರಮಾಣ ಎನ್ನುವ ಭಾಷಾವಿಜ್ಞಾನಿ ಅದಕ್ಕೆ ಪೂರ್ತಿ ಅಂಕ ಕೊಟ್ಟಾನು. ಪರೀಕ್ಷೆಯ ಪತ್ರಿಕೆ ತಿದ್ದುವವರು ಕೆಂಪು ಗೆರೆ ಎಳೆಯುವುದನ್ನು ಇನ್ನೂ ಬಿಟ್ಟಿಲ್ಲ.